ಅಲ್ಲಾಡದ ವಿಮಾನ

ವಿಮಾನ ಎಷ್ಟು ಸಲ ಬೀಳುತ್ತದೋ ಅಷ್ಟು ನಿಜವಾದದ್ದು ಎಂದು ನಂಬಿದ್ದ ಇಬ್ಬರು ಪಂಡಿತರ ಸಹವಾಸದಲ್ಲಿ ನಾನು ನನ್ನ ಆಯುಷ್ಯದ ಎಷ್ಟೋ ಭಾನುವಾರಗಳನ್ನು ಹಾಳು ಮಾಡಿಕೊಂಡೆ. ಒಬ್ಬ ತುರುವೇಕೆರೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟವನು. ಇನ್ನೊಬ್ಬ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಲಾರಿ ಟೈರು ಮಾರುವವನು. ಮೂರನೆಯವನಾದ ನಾನು ತಿಪಟೂರಿನ ಆಚೆ ತೋಟದ ಮನೆಯಲ್ಲಿ ಅಟ್ಟದ ತುಂಬ ಕಾಯಿ ಒಣಗಿಸಿಕೊಂಡು, ಕೊಬ್ಬರಿ ಮಾರಿಕೊಂಡು ಇರುವವನು. ಮೂವರಿಗೂ ಐವತ್ತು ದಾಟಿತ್ತು. ಮೂವರೂ ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಿದ್ದೆವು.

ನಗುವವರು ನಗಲಿ. ಅರಳಿಕಟ್ಟೆಯ ಮೇಲೆ ಇಸ್ಪೀಟು ಆಡುತ್ತ ತಲೆ ನರೆಸಿಕೊಂಡವರನ್ನು ಈ ಊರಿನಲ್ಲಿ ಯಾರೂ ಏನೂ ಅನ್ನುವುದಿಲ್ಲ. ಒಬ್ಬ ಗಂಡಸು ತನ್ನ ಕೋಣೆಯಲ್ಲಿ ಜಾಯ್‌ಸ್ಟಿಕ್ ಹಿಡಿದು ಕೂತರೆ ಮಾತ್ರ ಹುಚ್ಚು ಅನ್ನುತ್ತಾರೆ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಎನ್ನುವ ಗಾದೆಯನ್ನು ನನ್ನ ಮುಖಕ್ಕೇ ಹೇಳಿದವರಿದ್ದಾರೆ. ನನಗೆ ಮದುವೆ ಆಗಲಿಲ್ಲ, ಹುಚ್ಚೂ ಬಿಡಲಿಲ್ಲ. ಎರಡರಿಂದಲೂ ಯಾರ ಗಂಟೂ ಹೋಗಲಿಲ್ಲ.

ನಾವು ಆಡುತ್ತಿದ್ದದ್ದು ಮಕ್ಕಳ ಆಟವಲ್ಲ. ಅದಕ್ಕೆ ಸಿಮ್ಯುಲೇಟರ್ ಎನ್ನುತ್ತಾರೆ. ಪರದೆಯ ಮೇಲೆ ಪೈಲಟ್ ಕೂರುವ ಜಾಗ, ಎದುರಿಗೆ ಮುಳ್ಳುಗಳು, ದೀಪಗಳು, ಗಾಜಿನಾಚೆ ರನ್‌ವೇ, ಎಲ್ಲ ಇದ್ದ ಹಾಗೇ ಕಾಣುತ್ತದೆ. ಆ ವಿಮಾನ ಹೇಗೆ ಏಳಬೇಕು, ಹೇಗೆ ಹೊರಳಬೇಕು, ಯಾವ ವೇಗಕ್ಕೆ ಬೀಳಬೇಕು ಎಂಬುದೆಲ್ಲ ಒಂದು ಫೈಲಿನಲ್ಲಿ ಬರೀ ಅಂಕಿಗಳಾಗಿ ಕೂತಿರುತ್ತದೆ. ಅದನ್ನು ಫ್ಲೈಟ್ ಮಾಡೆಲ್ ಅನ್ನುತ್ತಾರೆ. ಫೈಲು ತೆರೆದು ಅಂಕಿ ಬದಲಾಯಿಸಿದರೆ ವಿಮಾನದ ಗುಣ ಬದಲಾಗುತ್ತದೆ. ಹಾರಿಸುವುದು ನಮಗೆ ನೆಪ. ನಮ್ಮ ನಿಜವಾದ ಚಟ ಆ ಅಂಕಿಗಳನ್ನು ತಿದ್ದುವುದು.

ತಿದ್ದುವುದರಲ್ಲಿ ಮೆಡಿಕಲ್‌ನವನೇ ನಮ್ಮ ಗುರು. ಅವನ ಸಿದ್ಧಾಂತ ಸರಳ: ಕಹಿ ಇದ್ದರೇ ಔಷಧಿ. ಯಾರಾದರೂ ಬಂದು ಸಿಹಿ ಸಿರಪ್ ಕೇಳಿದರೆ ಅವರ ಕಾಯಿಲೆಯ ಮೇಲೇ ಅವನಿಗೆ ಅನುಮಾನ. ವಿಮಾನಕ್ಕೂ ಅದೇ ಲೆಕ್ಕ ಹಚ್ಚಿದ್ದ.

"ಕಂಪನಿಯೋರು ಆಟ ಆಡೋ ಹುಡುಗ್ರಿಗೆ ಅಂತ ವಿಮಾನಾನ ಹಸ ಮಾಡಿಕ್ಕವ್ರೆ ಕಣ್ರಲಾ. ನಾವು ಅದನ್ನ ರಿಯಲ್ ಮಾಡ್ಬೇಕು" ಎನ್ನುತ್ತಿದ್ದ. ಅವನ ಬಾಯಲ್ಲಿ ರಿಯಲ್ ಎಂದರೆ ಒಂದೇ ಅರ್ಥ. ಕಷ್ಟ.

ಟೈರಿನವನಿಗೆ ವಿಮಾನ ಎಂದರೆ ರೆಕ್ಕೆ ಕಟ್ಟಿದ ಲಾರಿ. "ಡ್ರೈವರ್ಗೆ ಬೆವರು ಬರ್ದೆ ಇದ್ರೆ ಅದೆಂಥ ಗಾಡೀಲಾ" ಎಂದು ಅವನೂ ದನಿಗೂಡಿಸುತ್ತಿದ್ದ. ಹೀಗೆ ವಾರಕ್ಕೊಂದು ತಿದ್ದುಪಡಿ. ವಿಮಾನದ ಭಾರವನ್ನು ಒಂದಿಷ್ಟು ಹಿಂದಕ್ಕೆ ಸರಿಸು, ಆಗ ಮೂಗು ಸುಮ್ಮನಿರುವುದಿಲ್ಲ. ಅಲುಗಾಟವನ್ನು ತಣಿಸುವ ಅಂಕಿಯನ್ನು ಇಳಿಸು, ಆಗ ಒಮ್ಮೆ ಅಲ್ಲಾಡಿದ್ದು ಅಲ್ಲಾಡುತ್ತಲೇ ಇರುತ್ತದೆ. ಪಾಪದ ವಿಮಾನ. ನೂರೆಂಬತ್ತು ಜನ ಕೂರುವ, ಎರಡು ಇಂಜಿನ್ನಿನ ಮರ್ಯಾದಸ್ತ ವಿಮಾನ ಅದು. ನಮ್ಮ ಕೈಗೆ ಸಿಕ್ಕಿ ಜಾತ್ರೆಯಲ್ಲಿ ಬೆದರಿದ ಹೋರಿಯ ಹಾಗಾಯಿತು. ಬೆರಳು ತಾಗಿಸಿದರೆ ಮೂಗೆತ್ತುವುದು, ತಗ್ಗಿಸಿದರೆ ನೆಲಕ್ಕೇ ಹೋಗುವುದು.

ಪ್ರತಿ ಸಲ ಬಿದ್ದಾಗಲೂ ನಮ್ಮ ಮೂವರ ವಾಟ್ಸಾಪ್ ಗ್ರೂಪಿನಲ್ಲಿ ಸಂಭ್ರಮ. ಈಗ ನೋಡು, ಈಗ ರಿಯಲ್ ಆಯ್ತು. ಇದು ನಮ್ಮ ಸೀಮೆಯ ಹಳೇ ರೋಗ. ಹೊಡೆಯುವ ಮೇಷ್ಟ್ರೇ ಒಳ್ಳೇ ಮೇಷ್ಟ್ರು, ಬೈಯುವ ಡಾಕ್ಟರೇ ದೊಡ್ಡ ಡಾಕ್ಟರು, ನಗುನಗುತ್ತ ಮಾತಾಡುವ ಸ್ವಾಮಿಗಳಿಗೆ ಯಾಕೋ ಅಷ್ಟು ಪವರ್ ಇಲ್ಲ. ಸಲೀಸಾಗಿ ನಡೆಯುವ ಯಾವುದನ್ನೂ ನಾವು ನಂಬುವುದಿಲ್ಲ. ನಂಬಿಬಿಟ್ಟರೆ ಸಣ್ಣವರಾಗಿಬಿಡುತ್ತೇವೆ ಎಂದು ಭಯ.

ಇನ್ನೊಂದು ಮಾತು ಹೇಳಲೇಬೇಕು. ವಿಮಾನದ ಗುಣದ ಮೇಲೆ ಇಷ್ಟೆಲ್ಲ ತೀರ್ಪು ಕೊಡುತ್ತಿದ್ದ ಆ ಇಬ್ಬರೂ ಜನ್ಮದಲ್ಲಿ ವಿಮಾನ ಹತ್ತಿರಲಿಲ್ಲ. ಟೈರಿನವನು ಯಾರನ್ನೋ ಬಿಡಲು ಬೆಂಗಳೂರಿನ ಏರ್‌ಪೋರ್ಟಿನ ಗಾಜಿನ ಬಾಗಿಲ ತನಕ ಹೋಗಿ ಬಂದಿದ್ದ. ಅಷ್ಟಕ್ಕೇ ವರ್ಷವಿಡೀ ಅದನ್ನೇ ಹೇಳುತ್ತಿದ್ದ. ಮೆಡಿಕಲ್‌ನವನು ಆ ಬಾಗಿಲನ್ನೂ ನೋಡಿರಲಿಲ್ಲ. ನನ್ನ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮನೆಯಲ್ಲಿ ನಾನು ಮತ್ತು ಅಕ್ಕ. ಅಕ್ಕ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಅವ್ವ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಭಾವ ಹೋದ ಮೇಲೆ ತವರಿಗೆ ಬಂದು ಅಟ್ಟದ ಯಜಮಾನಿಕೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು, ಒಳ್ಳೆಯದೇ ಆಯಿತು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ತನಗೆ ಗೊತ್ತಿಲ್ಲದ ವಿಷಯವೇ ಇಲ್ಲ ಎಂಬ ಧೈರ್ಯ.

ಅವಳಿಗೆ ಇದ್ದ ಆಸೆ ಒಂದೇ. ಕಾಶಿಗೆ ಹೋಗಬೇಕು, ವಿಶ್ವನಾಥನ ತಲೆ ಮೇಲೆ ತನ್ನ ಕೈಯಾರೆ ನೀರು ಹಾಕಬೇಕು. ಭಾವ ಇದ್ದಷ್ಟು ದಿನವೂ "ಈ ಸಲದ ಕೊಬ್ಬರಿ ಇಳೀಲಿ, ಹೋಗಣ" ಎನ್ನುತ್ತಿದ್ದರು. ಅಟ್ಟದ ಕಾಯಿ ಕೊಬ್ಬರಿಯಾಗಲು ಹೆಚ್ಚೂಕಡಿಮೆ ಒಂದು ವರ್ಷ ಬೇಕು. ಒಂದು ವರ್ಷದ ಕೊಬ್ಬರಿ ಇಳಿಯುವಷ್ಟರಲ್ಲಿ ಮುಂದಿನ ವರ್ಷದ ಕಾಯಿ ಅಟ್ಟಕ್ಕೆ ಏರುತ್ತದೆ. ಹಾಗಾಗಿ ಭಾವನ ಮಾತಿಗೆ ಕೊನೆಯೇ ಇರಲಿಲ್ಲ. ಗಂಗೆ ತುಂಬಿಕೊಂಡು ಬರಲು ಅಂತ ಅವಳು ಕೊಂಡಿದ್ದ ತಾಮ್ರದ ಗಿಂಡಿ ದೇವರ ಗೂಡಿನಲ್ಲಿ ಖಾಲಿಯಾಗಿ ಕೂತಿತ್ತು. ಪ್ರತಿ ಸೋಮವಾರ ಹುಣಸೆಹಣ್ಣು ಹಾಕಿ ಅದನ್ನು ಬೆಳಗುತ್ತಿದ್ದಳು.

ಆ ವರ್ಷ ನಮ್ಮ ದಾಯಾದಿಗಳ ಪೈಕಿ ಒಂದು ಮನೆಯವರು ಕಾರ್ತಿಕದಲ್ಲಿ ಕಾಶಿಗೆ ಹೊರಟರು, ವಿಮಾನದಲ್ಲಿ. ಅಕ್ಕನನ್ನೂ ಕರೆದರು. ಗೌರಿ ಹಬ್ಬದೊಳಗೆ ಹೇಳಿದರೆ ಟಿಕೆಟ್ ಮಾಡಿಸುತ್ತೇವೆ ಎಂದರು. ರೈಲಿನಲ್ಲಿ ಎರಡು ದಿನ ಕೂರಲು ಅವಳ ಮಂಡಿ ಒಪ್ಪುತ್ತಿರಲಿಲ್ಲ. ಆಗಲೇ ಅಟ್ಟದ ಏಣಿ ಹತ್ತುವುದನ್ನು ಬಿಟ್ಟಿದ್ದಳು. ಬಚ್ಚಲ ಮೆಟ್ಟಿಲಿಗೂ ಗೋಡೆ ಹಿಡಿಯುತ್ತಿದ್ದಳು. ಈ ವರ್ಷ ಹೋಗದಿದ್ದರೆ ಇನ್ನು ಹೋಗುವುದಿಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ನಾನು ವಿಮಾನ ಹತ್ತಲ್ಲ" ಎಂದಳು.

ಕಾರಣ ನಾನೇ. ನನ್ನ ಕೋಣೆ ಹಜಾರಕ್ಕೆ ಅಂಟಿಕೊಂಡಿದೆ. ಅಟ್ಟದಿಂದ ಇಳಿಸಿದ ಕಾಯಿ ರಾಶಿ ಬೀಳುವುದು ಆ ಹಜಾರದಲ್ಲೇ. ಅಕ್ಕ ನನ್ನ ಬಾಗಿಲಿಗೆ ಎದುರಾಗಿ ಮಣೆ ಹಾಕಿಕೊಂಡು ಕೂತು, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾಳೆ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದರೆ ಒಣಗಿದೆ, ಸುಲಿಯಬಹುದು. ಸದ್ದಿಲ್ಲದಿದ್ದರೆ ಒಳಗಿನ್ನೂ ಹಸಿ, ಮತ್ತೆ ಅಟ್ಟಕ್ಕೆ. ಈ ಕೆಲಸಕ್ಕೆ ಕಣ್ಣು ಬೇಕಾಗಿಲ್ಲ. ಹಾಗಾಗಿ ಅವಳ ಕಣ್ಣು ಪೂರ್ತಿ ನನ್ನ ಪರದೆಯ ಮೇಲೆ. ವರ್ಷಗಟ್ಟಲೆ ಅವಳು ಅಲ್ಲಿ ಕೂತು ನೋಡಿದ್ದು ಒಂದೇ ದೃಶ್ಯ: ವಿಮಾನ ಏಳುತ್ತದೆ, ಕುಣಿಯುತ್ತದೆ, ಬೀಳುತ್ತದೆ.

"ಒಳಗೆ ಎಷ್ಟು ಜನ ಇದ್ರೋ?" ಎಂದು ಕೇಳುತ್ತಿದ್ದಳು ಮೊದಮೊದಲು.

"ಯಾರೂ ಇಲ್ಲ ಕಣಕ್ಕ, ಅದು ಕಂಪ್ಯೂಟರ್ರು."

"ಸೀಟು ಐತಲ್ಲ, ಜನ ಇಲ್ದೆ ಇರ್ತಾರಾ. ಶಿವ ಶಿವ" ಎಂದು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ಒಂದು ನಿಮಿಷ ಸುಮ್ಮನೆ ಕೂರುತ್ತಿದ್ದಳು. ಸತ್ತವರಿಗೆ ಮರ್ಯಾದೆ. ಆಮೇಲೆ ಇನ್ನೊಂದು ಕಾಯಿ ಎತ್ತಿಕೊಳ್ಳುತ್ತಿದ್ದಳು.

ವಿಮಾನ ಹತ್ತಲ್ಲ ಎಂದ ಮೇಲೆ ನಾನು ಬೈದೆ, ಗೋಗರೆದೆ. ಲೋಕದಲ್ಲಿ ದಿನಾ ಎಷ್ಟು ಜನ ಹಾರುತ್ತಾರೆ ಗೊತ್ತಾ ಎಂದೆ. ಅವಳು ಜಗ್ಗಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದಳು.

"ನೀನೇ ಇಷ್ಟು ವರ್ಷದಿಂದ ಓಡುಸ್ತಾ ಇದೀಯ. ಒಂದ್ಸಲ ನನ್ನ ಕಣ್ಮುಂದೆ ನೆಟ್ಟಗೆ ಇಳ್ಸು. ಹತ್ತೀನಿ."

ಇದೇನು ಮಹಾ ಎಂದುಕೊಂಡು ಕೂತೆ. ಅವಳು ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕೂತಳು. ಮೊದಲ ಸಲ ರನ್‌ವೇ ಹತ್ತಿರ ಬಂದಾಗ ಮೂಗೆದ್ದು ಬಾಲ ಬಡಿಯಿತು. ಎರಡನೇ ಸಲ ರೆಕ್ಕೆ ನೆಲಕ್ಕೆ ತಾಗಿತು. ಮೂರನೇ ಸಲ ರನ್‌ವೇ ಬಿಟ್ಟು ಪಕ್ಕದ ಕೆರೆಯಲ್ಲಿ ಇಳಿಯಿತು. ಅಕ್ಕ ಎದ್ದು ಹೋಗಿ ಗಿಂಡಿಯನ್ನು ದೇವರ ಗೂಡಿನಿಂದ ತೆಗೆದು ಅಡಿಗೆಮನೆಯ ಪಾತ್ರೆಗಳ ಜೊತೆ ಇಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಿಂಡಿ ಅಲ್ಲಿ ಸಾರಿನ ಸೌಟಿನ ಪಕ್ಕ ಕೂತಿತ್ತು.

ಮೆಡಿಕಲ್‌ನವನಿಗೆ ಫೋನ್ ಮಾಡಿ ವಿಷಯ ಹೇಳಿದೆ. ವಿಮಾನ ಇಳಿಸಲು ಆಗುತ್ತಿಲ್ಲ, ಏನಾದರೂ ತಿದ್ದಬೇಕು ಎಂದೆ.

"ಇಳ್ಸಕ್ಕೆ ಆಗ್ತಿಲ್ಲ ಅಂದ್ರೆ ರಿಯಲ್ ಆಗೈತೆ ಅಂತ ಕಣಪ್ಪ. ಪೈಲಟ್‌ಗೋಳಿಗೆ ಸುಮ್ನೆ ಸಂಬಳ ಕೊಡ್ತಾರಾ?" ಎಂದ.

ಫೋನ್ ಇಟ್ಟೆ. ಜೀವನದಲ್ಲಿ ಮೊದಲ ಸಲ ಆ ಮಾತಿನ ದಡ್ಡತನ ನನಗೆ ಪೂರ್ತಿ ಕೇಳಿಸಿತು. ಇವನು ಹೇಳಿದ್ದು ನಿಜವಾಗಿದ್ದರೆ ಲೋಕದ ಏರ್‌ಪೋರ್ಟುಗಳ ಪಕ್ಕದ ಕೆರೆಗಳೆಲ್ಲ ಇಷ್ಟು ಹೊತ್ತಿಗೆ ತುಂಬಿಹೋಗಬೇಕಿತ್ತು.

ಆ ಭಾನುವಾರ ಅವರಿಬ್ಬರನ್ನೂ ಬಿಟ್ಟು ನಾನೊಬ್ಬನೇ ಕೂತೆ. ಅಂತರ್ಜಾಲದಲ್ಲಿ ಹುಡುಕಿ, ಪೈಲಟ್‌ಗಳು ವಿಮಾನ ಇಳಿಸುವಾಗ ಅವರ ಹಿಂದಿನಿಂದ ತೆಗೆದ ವಿಡಿಯೋಗಳನ್ನು ನೋಡಿದೆ. ಒಬ್ಬನಿಗೂ ಬೆವರಿಲ್ಲ. ದಾರಿಯುದ್ದಕ್ಕೂ ಕೈ ತೊಡೆಯ ಮೇಲೆ. ಒಬ್ಬ ಕಾಫಿ ಕುಡಿಯುತ್ತಿದ್ದ. ಇಳಿಯುವಾಗಲೂ ಕೈ ಇಷ್ಟೇ ಇಷ್ಟು ಆಡುತ್ತದೆ. ಇವರನ್ನು ನೋಡಿದ್ದರೆ ನಮ್ಮ ಟೈರಿನವನು ಇವರೆಲ್ಲ ಡೂಪ್ಲಿಕೇಟ್ ಎಂದು ತೀರ್ಮಾನ ಕೊಡುತ್ತಿದ್ದ.

ಆಮೇಲೆ ನಮ್ಮ ಫೈಲನ್ನು ತೆರೆದು, ಆ ಜಾತಿಯ ವಿಮಾನದ ಬಗ್ಗೆ ಸಿಕ್ಕ ನಿಜವಾದ ಅಂಕಿಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ಸಾಲು ಹೋಲಿಸಿದೆ. ನಮ್ಮ ಘನಂದಾರಿ ಕೆಲಸ ಆಗ ಕಾಣಿಸಿತು. ವಾರವಾರವೂ ಚೂರುಚೂರೇ ಹಿಂದಕ್ಕೆ ಸರಿಸಿ ಸರಿಸಿ ವಿಮಾನದ ಭಾರವನ್ನೆಲ್ಲ ಬಾಲದ ಕಡೆಗೆ ತಂದು ಇಟ್ಟಿದ್ದೆವು. ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕುತ್ತಿಗೆಗೆ ನೊಗ ನಿಲ್ಲುವುದಿಲ್ಲ. ಕಾಯಿ ಹೇರುವ ಯಾವ ಆಳಿಗಾದರೂ ಇದು ಗೊತ್ತು. ನನಗೂ ಗೊತ್ತು. ನನ್ನ ಗಾಡಿಗೆ ಯಾರಾದರೂ ಹಾಗೆ ಹೇರಿದ್ದರೆ ಅವನ ವಂಶವನ್ನೇ ಜಾಲಾಡುತ್ತಿದ್ದೆ. ಆದರೆ ವಿಮಾನ ಎಂದ ಕೂಡಲೇ ಬುದ್ಧಿಯನ್ನು ಗೂಟಕ್ಕೆ ಕಟ್ಟಿ ಮೆಡಿಕಲ್‌ನವನ ಹಿಂದೆ ಹೋಗಿದ್ದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಅದೇ ಜಾತಿ.

ಭಾರವನ್ನು ಅದರ ಜಾಗಕ್ಕೆ ತಂದೆ. ಅಲುಗಾಟ ತಣಿಸುವ ಅಂಕಿಯನ್ನು ಮೊದಲಿದ್ದಲ್ಲಿಗೆ ಏರಿಸಿದೆ. ಜಾಯ್‌ಸ್ಟಿಕ್‌ನ ಬಿರುಸನ್ನು ಇಳಿಸಿದೆ. ಒಂದೊಂದು ಬದಲಾವಣೆಗೂ ಒಮ್ಮೆ ಮೇಲೇರಿಸಿ, ಇಳಿಸಿ ನೋಡಿದೆ. ಸಂಜೆ ಹೊತ್ತಿಗೆ ವಿಮಾನ ತನ್ನ ಮರ್ಯಾದೆ ತನಗೆ ವಾಪಸು ಸಿಕ್ಕಿದ ಹಾಗೆ ಹಾರುತ್ತಿತ್ತು. ಕೈ ಬಿಟ್ಟರೂ ಹೋಗುತ್ತಿತ್ತು. ಅದನ್ನು ನೋಡಿ ನನಗೆ ಆದ ಸಂತೋಷವನ್ನು ಸುಳ್ಳು ಹೇಳದೆ ಹೇಳುತ್ತೇನೆ: ಒಬ್ಬನೇ ಕೂತು ನಕ್ಕುಬಿಟ್ಟೆ.

ಫೈಲನ್ನು ಗ್ರೂಪಿಗೆ ಹಾಕಿದೆ. ಅರ್ಧ ಗಂಟೆಯೊಳಗೆ ಇಬ್ಬರೂ ಹಾರಿಸಿ ನೋಡಿದರು.

"ಇದೇನ್ಲಾ, ಹಾಲು ಕರೆಯೋ ಎಮ್ಮೆ ಮಾಡಿಕ್ಕಿದೀಯ" ಎಂದ ಟೈರಿನವನು.

"ವಯಸ್ಸಾಯ್ತು ಬುಡಪ್ಪ ನಿಂಗೆ" ಎಂದ ಮೆಡಿಕಲ್‌ನವನು. "ಕೈ ನಡುಗೋರ್ಗೆಲ್ಲ ಸರಿಯಾಗಿ ಮಾಡ್ಕೊಂಡಿದೀಯ. ಆಡ್ಕೋ."

ನಿಜವಾದ ಅಂಕಿಗಳನ್ನು ತೋರಿಸಿದೆ. ಅಂಕಿ ಯಾರು ಬೇಕಾದ್ರೂ ಬರೀತಾರೆ ಎಂದ. ವಿಡಿಯೋ ತೋರಿಸಿದೆ. ಅದು ಜಾಹೀರಾತು ಎಂದ. ಹೋಗಲಿ, ನೀವು ಯಾವತ್ತು ವಿಮಾನ ಹತ್ತಿದ್ದಿರಿ ಎಂದು ಕೇಳಿದೆ. ಆಗ ಮೆಡಿಕಲ್‌ನವನು ಬರೆದ: "ನೀನು ಹತ್ತಿದೀಯೇನ್ಲಾ?"

ಗ್ರೂಪಿನಿಂದ ಆಚೆ ಬಂದೆ. ಕುಣಿಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವರು ನೆಲವನ್ನೇ ಅಗೆದು ಡೊಂಕು ಮಾಡಿ, ಅದರ ಮೇಲೆ ಬಿದ್ದು, ಬಿದ್ದದ್ದನ್ನೇ ನಾಟ್ಯ ಎನ್ನುತ್ತಿದ್ದರು. ಇಂಥವರ ಜೊತೆ ಏನು ಮಾತು.

ಗೌರಿ ಹಬ್ಬಕ್ಕೆ ಇನ್ನು ವಾರವೂ ಇರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಅಕ್ಕನನ್ನು ಕರೆದು ಕುರ್ಚಿಯ ಮೇಲೆ ಕೂರಿಸಿದೆ. ವಿಮಾನವನ್ನು ಮೇಲೇರಿಸಿದೆ, ಊರ ಸುತ್ತ ಒಂದು ಸುತ್ತು ಹಾಕಿಸಿದೆ, ರನ್‌ವೇ ನಡುಮಧ್ಯಕ್ಕೆ ತಂದು ಇಳಿಸಿದೆ. ಒಂದಿಷ್ಟೂ ಕುಣಿಯಲಿಲ್ಲ. ನಿಂತಿತು. ಅವಳ ಕಡೆ ತಿರುಗಿದೆ.

ಅವಳು ಪರದೆಯನ್ನಲ್ಲ, ನನ್ನನ್ನು ನೋಡುತ್ತಿದ್ದಳು. "ಏನೋ ಮಾಡಿದೀಯ" ಎಂದಳು.

"ಏನು ಮಾಡಿದೀನಿ?"

"ನಾನು ಹತ್ಲಿ ಅಂತ ಸುಲಭ ಮಾಡಿಕ್ಕಿದೀಯ. ನಂಗೊತ್ತಿಲ್ವಾ? ಮೇಲೆ ಒಳ್ಳೇ ಕೊಬ್ಬರಿ, ಕೆಳ್ಗೆ ಕೆಟ್ಟು ಕೌಟಾಗಿರೋದು. ಚೀಲ ಕಟ್ಟೋ ಮನೇಲಿ ಹುಟ್ಟಿದೋಳು ಕಣೋ ನಾನು."

ನನಗೆ ರೇಗಿತು. ಇದೇ ನಿಜ, ಹಿಂದಿನದು ಸುಳ್ಳು ಎಂದು ಹೇಳಿದೆ. ಹೇಳಿದಷ್ಟೂ ಅವಳ ಅನುಮಾನ ಗಟ್ಟಿಯಾಯಿತು. ನಿಜವಾದ ವಿಮಾನ ಇಷ್ಟು ಸಲೀಸಾಗಿದ್ದರೆ ನೀನು ಇಷ್ಟು ವರ್ಷ ಯಾಕೆ ಬೀಳಿಸುತ್ತಿದ್ದೆ ಎಂದಳು. ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಆದರೆ ಅದರಲ್ಲಿ ನನ್ನ ಮಾನ ಹೋಗುತ್ತಿತ್ತು.

"ನೀನೇ ಹಿಡಿದು ನೋಡು ಬಾ" ಎಂದೆ. ಮತ್ತೆ ವಿಮಾನವನ್ನು ಎತ್ತರಕ್ಕೆ ಏರಿಸಿ ನೇರ ಹೋಗಲು ಬಿಟ್ಟು, ಜಾಯ್‌ಸ್ಟಿಕ್ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಹಾವಿನ ಕತ್ತು ಹಿಸುಕುವ ಹಾಗೆ ಹಿಡಿದಳು.

"ಕೈ ಬುಡು ಅಕ್ಕ. ತಾನೇ ಹೋಯ್ತದೆ."

ಬಿಟ್ಟಳು. ವಿಮಾನ ಹೋಗುತ್ತಲೇ ಇತ್ತು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವಳು ಏನು ಮಾಡಿದಳು ಎಂದರೆ, ಜಾಯ್‌ಸ್ಟಿಕ್ಕನ್ನು ಮುಷ್ಟಿಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿ ಬಿಟ್ಟು, ತಲೆ ಓರೆ ಮಾಡಿ ಕಿವಿಯನ್ನು ಪರದೆಯ ಹತ್ತಿರ ತಂದಳು. ಅಟ್ಟದ ಕಾಯಿಗೆ ಮಾಡುವುದನ್ನೇ ವಿಮಾನಕ್ಕೂ ಮಾಡುತ್ತಿದ್ದಳು. ವಿಮಾನ ಎರಡು ಸಲ ತೂಗಿತು, ಮೂರನೆಯ ಸಲಕ್ಕೆ ಸುಮ್ಮನಾಯಿತು. ಅಲ್ಲಾಡಿಸಿ ಬಿಟ್ಟರೆ ತಾನೇ ಸುಮ್ಮನಾಗಬೇಕು, ಒಳ್ಳೆಯ ವಿಮಾನದ ಲಕ್ಷಣವೇ ಅದು. ನನ್ನ ಎದೆ ಉಬ್ಬಿತು. ನೋಡಿದೆಯಾ ಎಂದೆ.

"ಸುಮ್ಕಾಗೋಯ್ತಲ್ಲೋ" ಎಂದಳು ಅಕ್ಕ.

"ಅದೇ ಮತ್ತೆ."

"ಅಲ್ಲಾಡ್ಸುದ್ರೆ ಅಲ್ಲಾಡ್ಬೇಕು. ಇದು ಇನ್ನೂ ಹಸಿ ಐತೆ ಕಣೋ" ಎಂದು ಎದ್ದಳು. ತೀರ್ಪು ಮುಗಿಯಿತು. ಹಸಿ ಕಾಯಿ ಮತ್ತೆ ಅಟ್ಟಕ್ಕೆ.

ನಾನು ಕೂಗಾಡಿದೆ. ನಿನ್ನ ತಲೆಯಲ್ಲಿ ಇರುವುದು ಬರೀ ಕೊಬ್ಬರಿ ಎಂದೆ. ವಿಮಾನಕ್ಕೂ ತೆಂಗಿನಕಾಯಿಗೂ ವ್ಯತ್ಯಾಸ ತಿಳಿಯದವಳು ಕಾಶಿಗೆ ಹೋಗಿ ಏನು ಮಾಡುತ್ತೀಯ, ಇಲ್ಲೇ ಬಿದ್ದಿರು ಎಂದೆ. ತುರುವೇಕೆರೆಯಲ್ಲಿ ಒಬ್ಬ, ಕ್ರಾಸಿನಲ್ಲಿ ಒಬ್ಬ, ಮನೆಯಲ್ಲಿ ನೀನೊಬ್ಬಳು, ಸಲೀಸಾದದ್ದನ್ನು ಕಂಡರೆ ನಿಮಗೆಲ್ಲ ಆಗಿಬರುವುದಿಲ್ಲ ಎಂದೆ. ವಿಮಾನ ಎಂದರೆ ಏನು, ಅದರೊಳಗೆ ಕೂತವರಿಗೆ ಎಷ್ಟು ಹಾಯಾಗಿರುತ್ತದೆ ಎಂದು ಒಂದು ಭಾಷಣವನ್ನೇ ಮಾಡಿದೆ.

ಅವಳು ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಳು.

"ನೀನು ಕೂತಿದೀಯಾ ಅದ್ರಾಗೆ?" ಎಂದಳು.

ಇಲ್ಲ. ಕೂತಿರಲಿಲ್ಲ. ನನ್ನ ವಿಷಯ ಬೇರೆ ಎಂದೆನಲ್ಲ, ಅದು ಇಷ್ಟೇ: ಟೈರಿನವನಂತೆ ಗಾಜಿನ ಬಾಗಿಲ ತನಕ ಕೂಡ ನಾನು ಹೋಗಿರಲಿಲ್ಲ. ಹೋಗುವ ಸಂದರ್ಭ ಬರಲಿಲ್ಲವೆಂದಲ್ಲ. ಎರಡು ಮೂರು ಸಲ ಬಂದಿತ್ತು. ಒಮ್ಮೆ ನೆಂಟರ ಮದುವೆಗೆ ದೆಹಲಿಗೆ ದಾಯಾದಿಗಳೆಲ್ಲ ವಿಮಾನದಲ್ಲಿ ಹೋದರು. ಅಟ್ಟ ನೋಡಿಕೊಳ್ಳುವವರು ಯಾರು ಎಂದು ನಾನು ಉಳಿದೆ. ಅಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅಕ್ಕನಿಗೆ ಆಗಲೂ ಗೊತ್ತಿತ್ತು.

"ಹಂಗಾದ್ರೆ ನೀನೂ ಬಾ" ಎಂದಳು. "ನೀನು ಬಂದ್ರೆ ನಾನು ಬತ್ತೀನಿ. ಬಿದ್ರೆ ಇಬ್ರೂ ಬೀಳಣ. ನೀನು ಬರ್ದೆ ಇದ್ರೆ, ನೀನು ಹೇಳಿದ್ದೆಲ್ಲ ಕೌಟು ಅಂತ ಲೆಕ್ಕ."

ಭಾಷಣ ಮಾಡಿದ ಬಾಯಿ ಇನ್ನೂ ತೆರೆದೇ ಇತ್ತು. ಅಡಿಗೆಮನೆಯಲ್ಲಿ ಸೌಟಿನ ಪಕ್ಕ ಗಿಂಡಿ ಕೂತಿತ್ತು. ಆಗಲಿ ಎಂದೆ. ಅಂದ ಮೇಲೆ ಹಬ್ಬದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಅಕ್ಕ ಮಾತ್ರ ಗಿಂಡಿಯನ್ನು ಮತ್ತೆ ಬೆಳಗಿ ಗೂಡಿಗೆ ಇಟ್ಟಳು.

ಕಾರ್ತಿಕ ಬಂತು. ದಾಯಾದಿಗಳ ಜೊತೆ ಬೆಳಗ್ಗೆಯೇ ಕಾರಿನಲ್ಲಿ ಬೆಂಗಳೂರಿಗೆ ಹೊರಟೆವು. ಏರ್‌ಪೋರ್ಟಿನಲ್ಲಿ ಅವಳ ಮಂಡಿಗೆ ಅಂತ ಗಾಲಿಕುರ್ಚಿ ಕೊಟ್ಟರು. ಅದರಲ್ಲಿ ಕೂತು ಗಿಂಡಿಯನ್ನು ಮಡಿಲಲ್ಲಿ ಇಟ್ಟುಕೊಂಡು, ತಪಾಸಣೆಯವರಿಗೆ ಅದು ಯಾಕೆ ಖಾಲಿ ಎಂದು ಕನ್ನಡದಲ್ಲಿ ವಿವರಿಸಿದಳು. ಅವರಿಗೆ ಅರ್ಥವಾಗಲಿಲ್ಲ, ಆದರೂ ಬಿಟ್ಟರು. ನಾನು ಹಿಂದೆ ಹಿಂದೆ ನಡೆಯುತ್ತ ಬೋರ್ಡುಗಳನ್ನು ಓದುವವನ ಹಾಗೆ ನಟಿಸುತ್ತಿದ್ದೆ.

ವಿಮಾನ ನಮ್ಮದೇ ಜಾತಿಯದು. ನಾನು ವರ್ಷಗಟ್ಟಲೆ ಬೀಳಿಸಿದ್ದು. ಅವಳು ಕಿಟಕಿಗೆ, ನಾನು ಪಕ್ಕಕ್ಕೆ. ಇಂಜಿನ್ ಜೋರಾದಾಗ ನನಗೆ ಎಲ್ಲ ಗೊತ್ತಿತ್ತು: ಈಗ ವೇಗ ಎಷ್ಟು, ಈಗ ಮೂಗು ಏಳುತ್ತದೆ, ಈಗ ಚಕ್ರ ಒಳಗೆ ಹೋದ ಸದ್ದು. ಗೊತ್ತಿದ್ದದ್ದು ನಾಲ್ಕಾಣೆಯಷ್ಟೂ ಪ್ರಯೋಜನಕ್ಕೆ ಬರಲಿಲ್ಲ. ಎರಡು ಕೈಯಲ್ಲೂ ಸೀಟಿನ ಕೈಯಾಸರೆಗಳನ್ನು ಹಿಡಿದಿದ್ದೆ. ಹಿಂದೆ ಭಾರ ಹೇಗೆ ಹೇರಿದ್ದಾರೋ ಎಂದು ಒಂದೇ ಯೋಚನೆ. ಎದ್ದು ಹೋಗಿ ಲಗೇಜು ನೋಡಿ ಬರಬೇಕು ಅನ್ನಿಸಿತು.

ವಿಮಾನ ಮೇಲೇರಿ ನೆಟ್ಟಗಾಯಿತು. ಒಂದಿಷ್ಟೂ ಅಲ್ಲಾಡದೆ ಹೋಗುತ್ತಿತ್ತು. ಅಕ್ಕ ಗಿಂಡಿ ಅವುಚಿಕೊಂಡು, ಮುಖ ಬಿಗಿದುಕೊಂಡು ಕೂತಿದ್ದಳು. ಒಂದೆರಡು ಸಲ ನನ್ನ ಕಡೆ ನೋಡಿದಳು. ಏನು ಯೋಚಿಸುತ್ತಿದ್ದಾಳೆಂದು ನನಗೆ ತಿಳಿಯಿತು. ಹಸಿ ಐತೆ.

ಆಮೇಲೆ ಮೋಡ ಬಂತು. ಬೆಲ್ಟ್ ಹಾಕಿಕೊಳ್ಳಿ ಎಂದು ದೀಪ ಹತ್ತಿತು. ವಿಮಾನ ಗಡಗಡ ಅಂತ ಅಲ್ಲಾಡಿತು. ಮೇಲಿನ ಪೆಟ್ಟಿಗೆಗಳು ಸದ್ದು ಮಾಡಿದವು. ಹಿಂದೆ ಯಾವುದೋ ಮಗು ಅಳತೊಡಗಿತು. ನಮ್ಮ ದಾಯಾದಿ, ಅಷ್ಟು ಹೊತ್ತು ಜಂಬ ಹೊಡೆಯುತ್ತಿದ್ದವನು, ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳಲು ಶುರುಮಾಡಿದ.

ಅಕ್ಕ ತಲೆ ಓರೆ ಮಾಡಿ ಕಿವಿಗೊಟ್ಟಳು. ಅವಳ ಮುಖ ಸಡಿಲವಾಯಿತು. ಸೀಟಿಗೆ ಆರಾಮಾಗಿ ಒರಗಿಕೊಂಡಳು.

"ಹಾಂ. ಈಗ ಅಲ್ಲಾಡ್ತು ನೋಡು. ಒಣಗೈತೆ ಬುಡು, ಭಯ ಇಲ್ಲ" ಎಂದಳು.

ವರ್ಷಗಟ್ಟಲೆ ಕಲಿತದ್ದನ್ನೆಲ್ಲ ಬಾಯಿಗೆ ತಂದುಕೊಂಡು ಇದು ತಪ್ಪು, ಇದು ಬರೀ ಗಾಳಿ ಎಂದು ಅವಳಿಗೆ ತಿದ್ದಿ ಹೇಳಬೇಕೆಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಕೈ ನೋಡಿದಳು. ಬೆರಳುಗಳೆಲ್ಲ ಬೆಳ್ಳಗಾಗಿದ್ದವು. ಅದರ ಮೇಲೆ ತನ್ನ ಒರಟು ಕೈ ಇಟ್ಟು ತಟ್ಟಿದಳು.

"ಅಕ್ಕ, ಇದು..." ಎಂದು ನಾನು ಹೇಳಲು ಹೋದೆ.

"ಕೈ ಬುಡೋ" ಎಂದಳು ಅಕ್ಕ. "ತಾನೇ ಹೋಯ್ತದೆ."

ನಾನು ಕೈಯಾಸರೆ ಬಿಟ್ಟೆ. ಬಿಟ್ಟು ಅವಳ ಸೆರಗು ಹಿಡಿದುಕೊಂಡೆ. ಕಾಶಿ ಬರುವ ತನಕ ಅವಳು ಅದನ್ನು ಬಿಡಿಸಿಕೊಳ್ಳಲಿಲ್ಲ.